ಕಾಲು ಗಂಟೆಗೊಮ್ಮೆ ಏಳುವವನು

ಮನೆಯಲ್ಲಿ ಅವನನ್ನು ಪಾದರಸ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ಅವನಪ್ಪ, ಅದೂ ಪ್ರೀತಿಯಿಂದ ಇಟ್ಟದ್ದಲ್ಲ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗನ ಕಿವಿ ಹಿಂಡಿ ಹಿಂಡಿ ಬೇಸತ್ತು ಇಟ್ಟದ್ದು. ಈಗ ಪಾದರಸನಿಗೆ ನಲವತ್ತೇಳು. ನೆತ್ತಿಯ ಕೂದಲು ಉದುರಿತ್ತು, ಮೂಗಿನ ಮೇಲೆ ಓದುವ ಕನ್ನಡಕ ಬಂದಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು.

ಉಳಿಯುವುದಕ್ಕೆ ಅವನ ಕೆಲಸವೂ ಕಾರಣ. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೆ ಅಂಟಿಕೊಂಡ ಶೆಡ್ಡಿನಲ್ಲಿ, ಒಂದು ಬಾಯ್ಲರ್ ಇತ್ತು. ಹಾಸಿಗೆ ಬಟ್ಟೆ ಬೇಯುವುದಕ್ಕೆ, ಅಡುಗೆಮನೆಯ ಹಂಡೆಗಳಿಗೆ, ಆಪರೇಷನ್ನಿನ ಕತ್ತರಿ ಚಿಮಟಗಳನ್ನು ಶುದ್ಧ ಮಾಡುವುದಕ್ಕೆ, ಎಲ್ಲಕ್ಕೂ ಅದರ ಹಬೆಯೇ ಬೇಕು. ಇಪ್ಪತ್ತೆರಡು ವರ್ಷದಿಂದ ಅದನ್ನು ನೋಡಿಕೊಂಡು ಬಂದವನು ಪಾದರಸ. ಕಾಲು ಗಂಟೆಗೊಮ್ಮೆ ಎದ್ದು ಹೋಗಿ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡಬೇಕು, ಒತ್ತಡದ ಮುಳ್ಳು ನೋಡಬೇಕು, ಬಂದು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಮೇಜಿನ ಮೇಲೊಂದು ಗಡಿಯಾರ ಕಾಲು ಗಂಟೆಗೊಮ್ಮೆ ಟ್ರಿಣ್ ಎನ್ನುತ್ತಿತ್ತು. ಮೊದಲ ವರ್ಷ ಅದು ಟ್ರಿಣ್ ಎಂದಾಗ ಇವನು ಏಳುತ್ತಿದ್ದ. ಎರಡನೆಯ ವರ್ಷದಿಂದ ಇವನು ಎದ್ದ ಮೇಲೆ ಅದು ಟ್ರಿಣ್ ಎನ್ನುತ್ತಿತ್ತು.

ಈ ಚಾಳಿ ಶೆಡ್ಡಿನೊಳಗೇ ಇದ್ದಿದ್ದರೆ ನಮಗೇನೂ ತಕರಾರಿರಲಿಲ್ಲ. ಮನೆಗೂ ಬಂತು. ಊಟಕ್ಕೆ ಕೂತವನು ನಡುವೆ ಎದ್ದು ಹೋಗಿ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡುತ್ತಿದ್ದ. ನೆಂಟರ ಮನೆಯಲ್ಲಿ ಮಾತಿನ ಮಧ್ಯೆ ಎದ್ದು ಅವರ ಅಡುಗೆಮನೆಗೆ ಹೋಗಿ ಗ್ಯಾಸ್ ಒಲೆ ನೋಡಿ ಬರುತ್ತಿದ್ದ. "ನಮ್ಮೋರು ಮದುವೆ ಆದಾಗಿಂದ ನನ್ನ ಜೊತೆ ಕೂತು ಒಂದ್ ಲೋಟ ಕಾಫಿ ಪೂರ್ತಿ ಕುಡಿದಿಲ್ಲ" ಎಂದು ಅವನ ಹೆಂಡತಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನಲ್ಲಿ ಅಷ್ಟೇನೂ ಉತ್ಪ್ರೇಕ್ಷೆ ಇರಲಿಲ್ಲ.

ಇಂಥವನು ಪದವಿ ಪರೀಕ್ಷೆ ಕಟ್ಟಿದ್ದ. ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ, ದೊಡ್ಡವರಿಗಾಗಿಯೇ ಮಾಡಿದ ಪದವಿ. ಆರು ವರ್ಷದೊಳಗೆ ಎಲ್ಲ ಪೇಪರೂ ಮುಗಿಸಬೇಕು, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಚರಿತ್ರೆ, ಸಮಾಜಶಾಸ್ತ್ರ, ಕನ್ನಡ, ಎಲ್ಲವನ್ನೂ ಓಡಾಡುತ್ತಲೇ ಬಾಯಿಪಾಠ ಮಾಡಿ ದಾಟಿದ್ದ. ಇಂಗ್ಲಿಷ್ ಮಾತ್ರ ಎರಡು ಸಲ ಕೈ ಕೊಟ್ಟಿತ್ತು. ಎರಡು ಸಲವೂ ಒಂದೇ ಜಾಗದಲ್ಲಿ: ಒಂದು ಗದ್ಯಭಾಗ ಕೊಟ್ಟು, ಓದಿ ಅರ್ಥ ಮಾಡಿಕೊಂಡು ಉತ್ತರ ಬರೆಯಿರಿ ಎನ್ನುವ ಪ್ರಶ್ನೆಯಲ್ಲಿ. ಅದನ್ನು ಬಾಯಿಪಾಠ ಮಾಡುವ ಹಾಗಿಲ್ಲ, ಕೂತು ಓದಬೇಕು. ಇದು ಆರನೆಯ ವರ್ಷ, ಕೊನೆಯ ಅವಕಾಶ. ಈ ಸಲವೂ ಹೋದರೆ ಪಾಸಾದ ಪೇಪರುಗಳೂ ಸೇರಿ ಅಷ್ಟೂ ನೀರುಪಾಲು.

ಪದವಿ ಇದ್ದರೆ ಬಾಯ್ಲರ್ ವಿಭಾಗದ ಮುಖ್ಯಸ್ಥನಾಗಬಹುದು ಎಂದು ಎಲ್ಲರಿಗೂ ಹೇಳುತ್ತಿದ್ದ. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣವೂ ಅದಲ್ಲ. ಅಕ್ಕ ತಮ್ಮ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮುಂದಕ್ಕೆ ಓದಿಸಬಲ್ಲೆ ಎಂಬ ಕಾಲದಲ್ಲಿ ಅವನಪ್ಪ ಒಂದು ನಿಮಿಷವೂ ಯೋಚಿಸಿರಲಿಲ್ಲ. "ಮಗಳು ಓದ್ಲಿ. ಇವ್ನಿಗೆ ಕೂತ ಕಡೆ ಕೂರೋಕೇ ಆಗಲ್ಲ, ಓದೋದೇನು?" ಎಂದಿದ್ದ. ಅಕ್ಕ ಓದಿ ಟೀಚರಾದಳು. ತಮ್ಮ ಬಾಯ್ಲರಿಗೆ ಹೋದ. ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಆ ಮಾತು ಮಾತ್ರ ಪಾದರಸನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಅಕ್ಕ ಈಗ ನಿವೃತ್ತೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು, ಮೂಗಿನ ತುದಿಯಲ್ಲೇ ಕೋಪ. ತಮ್ಮ ಎರಡನೆಯ ಸಲ ಡುಮ್ಕಿ ಹೊಡೆದ ಸುದ್ದಿ ಕೇಳಿದವಳೇ ಒಂದು ಚೀಲ ಹಳೆಯ ಪ್ರಶ್ನೆಪತ್ರಿಕೆ ಹೊತ್ತುಕೊಂಡು ಬಂದಳು. "ನಾಳೆಯಿಂದ ದಿನಾ ಸಾಯಂಕಾಲ ಐದಕ್ಕೆ. ತಪ್ಪಿಸ್ಕೊಂಡ್ರೆ ಬಾಯ್ಲರ್ ಹತ್ರಾನೇ ಬಂದು ಕೂರ್ತೀನಿ" ಎಂದಳು. ಬೇರೆ ಯಾರಾದರೂ ಹಾಗೆಂದಿದ್ದರೆ ಬರೀ ಬೆದರಿಕೆ ಎನ್ನಬಹುದಿತ್ತು.

ಮೊದಲ ದಿನದ ಗದ್ಯಭಾಗ ಒಬ್ಬ ದೀಪಸ್ತಂಭದ ಕಾವಲುಗಾರನದು. ಸಮುದ್ರದ ನಡುವಿನ ಬಂಡೆಯ ಮೇಲೆ ಒಬ್ಬನೇ ಇರುತ್ತಾನೆ, ಒಂದು ದಿನ ಆಯಾಸಕ್ಕೆ ನಿದ್ದೆ ಹೋಗುತ್ತಾನೆ, ಎಣ್ಣೆ ಮುಗಿದು ದೀಪ ಆರುತ್ತದೆ. ಪಾದರಸ ತುಟಿ ಆಡಿಸುತ್ತ ಓದಿದ. ಮೂರನೆಯ ಪ್ಯಾರಾಕ್ಕೆ ಕಾಲು ಗಂಟೆಯಾಯಿತು, ಎದ್ದ. ಡ್ರಮ್ಮಿನ ಮುಚ್ಚಳ ತೆಗೆದು ನೋಡಿ ಬಂದು ಕೂತ. ಮೊದಲಿನಿಂದ ಓದಿದ. ಮತ್ತೆ ಎದ್ದ. ಅಕ್ಕ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. ಕೊನೆಗೂ ಅವನು ಉತ್ತರ ಬರೆದು ಕೊಟ್ಟಾಗ ಓದಿ ನೋಡಿದಳು.

"ದೀಪ ಯಾಕೆ ಆರಿತು ಅಂತ ಕೇಳಿದಾರೆ. ನೀನೇನು ಬರ್ದಿದೀಯ? ಗಾಳಿ ಸಾಲದೆ ಆರಿರಬೇಕು ಅಂತ. ಗಾಳಿ ಎಲ್ಲಿಂದ ಬಂತೋ?"

"ಮತ್ತೆ ಅವನು ಮಲಗಿದ್ದ ಅಂದ್ರೆ ನಂಬೋ ಮಾತಾ ಅಕ್ಕ? ಡ್ಯೂಟಿ ಮೇಲಿರೋನು ಹೆಂಗೆ ಮಲಗ್ತಾನೆ?"

"ಮಲಗಿದ್ದ ಅಂತ ಇಲ್ಲಿ ಅಚ್ಚಾಗಿದೆಯಲ್ಲೋ!"

"ಬರೆದೋನು ಯಾವತ್ತಾದ್ರೂ ಡ್ಯೂಟಿ ಮಾಡಿದಾನಾ ಕೇಳು. ಒಬ್ಬನ್ನೇ ಬಿಟ್ಟಿದ್ದೇ ತಪ್ಪು, ಜೊತೆಗೆ ಒಬ್ಬ ಅಸಿಸ್ಟೆಂಟ್ ಇರ್ಬೇಕಿತ್ತು."

ಆಮೇಲೆ ಕಾವಲುಗಾರ ಏನು ಮಾಡಿದ ಎಂಬ ಪ್ರಶ್ನೆಗೆ ಅವನು, ಮೇಲಧಿಕಾರಿಗೆ ಕೂಡಲೇ ವರದಿ ಕೊಟ್ಟ ಎಂದು ಬರೆದಿದ್ದ. ಗದ್ಯಭಾಗದಲ್ಲಿ ಮೇಲಧಿಕಾರಿಯೇ ಇರಲಿಲ್ಲ. ಅಕ್ಕ ತಲೆ ಚಚ್ಚಿಕೊಂಡಳು.

ಹೀಗೇ ಎರಡು ತಿಂಗಳು. ಸೇತುವೆಯ ಕುರಿತ ಗದ್ಯವಿರಲಿ, ಜೇನಿನ ಕುರಿತದ್ದಿರಲಿ, ಪಾದರಸ ಅದನ್ನು ಓದುತ್ತಿರಲಿಲ್ಲ, ರಿಪೇರಿ ಮಾಡುತ್ತಿದ್ದ. ಇದ್ದ ತಪ್ಪು ತಿದ್ದಿ, ಇಲ್ಲದ ಜನರನ್ನು ಕರೆತಂದು, ಎಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಿ ಉತ್ತರ ಮುಗಿಸುತ್ತಿದ್ದ. ಒಳ್ಳೆಯ ಮನುಷ್ಯ ಎನ್ನುವುದರಲ್ಲಿ ಅನುಮಾನವಿಲ್ಲ, ಮಾರ್ಕು ಮಾತ್ರ ಸೊನ್ನೆ. "ಉತ್ತರ ಪ್ಯಾಸೇಜಲ್ಲಿರತ್ತೆ ಕಣೋ, ನಿನ್ನ ತಲೇಲಲ್ಲ" ಎಂದು ಹೇಳಿ ಹೇಳಿ ಅಕ್ಕನ ಗಂಟಲು ಕಟ್ಟಿತು.

ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಸಾಯಂಕಾಲ ಅವನ ಮೊಬೈಲು ಬಡಿದುಕೊಂಡಿತು. ಸಂಜೆ ಪಾಳಿಯವನು ಬರುವವರೆಗೆ ಬಾಯ್ಲರ್ ಶೆಡ್ಡಿನಲ್ಲಿ ಕಾಯುತ್ತಿದ್ದ ಅವನ ಸಹಾಯಕಿ. ಮೂವತ್ತರ ಹೆಣ್ಣುಮಗಳು, ಎಂಟು ತಿಂಗಳ ಹಿಂದೆ ಸೇರಿದವಳು. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಆಸ್ಪತ್ರೆಯವರೆಲ್ಲ ಅವಳನ್ನು ಮೌನಿ ಎನ್ನುತ್ತಿದ್ದರು.

"ಅಣ್ಣ, ಪ್ರೆಶರ್ ಏಳಿರ್ಬೇಕು. ಮುಳ್ಳು ಆರೂವರೇಲಿ ನಿಂತಿದೆ. ಏನ್ ಬರೀಲಿ?"

ಪಾದರಸ ಸಿಡಿದೆದ್ದ. "ಏನ್ ಬರೀಲಿ ಅಂದ್ರೇನಮ್ಮ? ಮುಳ್ಳು ಎಲ್ಲಿದೆಯೋ ಅದನ್ನ ಬರಿ! ಎಷ್ಟು ಸಲ ಹೇಳಿದೀನಿ, ಕಂಡಷ್ಟು ಬರೀಬೇಕು, ಇರಬೇಕಾದ್ದನ್ನ ಬರೀಬಾರದು. ನಿನ್ನ ಅಂದಾಜು ಯಾರಿಗೆ ಬೇಕು? ಮೊದಲು ಕಂಡಿದ್ದನ್ನ ಬರಿ, ಆಮೇಲೆ ಯಾಕೆ ಅಂತ ನೋಡು."

ಫೋನಿಟ್ಟು ತಿರುಗಿದರೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಈಗ ಏನಂದೆ?"

"ಏನಂದೆ?"

"ಕಂಡಷ್ಟು ಬರೀಬೇಕು, ಇರಬೇಕಾದ್ದನ್ನ ಬರೀಬಾರದು. ಅಲ್ವಾ? ಎರಡು ತಿಂಗಳಿಂದ ನಾನು ಬಡ್ಕೋತಿರೋದು ಮತ್ತೇನೋ ಮಹಾರಾಯ?"

ಅಕ್ಕ ಅವತ್ತೇ ಪಾಠದ ಧಾಟಿ ಬದಲಾಯಿಸಿದಳು. ಗದ್ಯಭಾಗವೇ ಬಾಯ್ಲರ್, ಪ್ರತಿ ಪ್ಯಾರಾ ಒಂದು ಸುತ್ತು. ಓದಿ, ಕಂಡಷ್ಟನ್ನು ಒಂದು ಸಾಲಿನಲ್ಲಿ ಪಕ್ಕದಲ್ಲಿ ಬರೆಯಬೇಕು. ಕಾಲು ಗಂಟೆಗೆ ಮೈ ಎದ್ದೇಳು ಎಂದಾಗ ಏಳಬಾರದು, ಕರಡು ಹಾಳೆಯ ಅಂಚಿನಲ್ಲಿ ಒಂದು ಕೊಳವೆಯ ಚಿತ್ರ ಬರೆದು, ಎಷ್ಟು ಓದಾಯಿತೋ ಅಷ್ಟಕ್ಕೆ ಗೆರೆ ಎಳೆಯಬೇಕು. "ಮಟ್ಟ ನೋಡಿದ ಹಾಗೂ ಆಯ್ತು, ಕೂತ ಹಾಗೂ ಆಯ್ತು" ಎಂದಳು. ಮೊದಲೆರಡು ದಿನ ಕಾಲುಗಳು ಮೇಜಿನ ಕೆಳಗೆ ಒದ್ದಾಡಿದವು. ಆಮೇಲೂ ಒದ್ದಾಡಿದವು, ಆದರೆ ಅವನು ಏಳಲಿಲ್ಲ. ಎರಡನೆಯ ವಾರ ಹತ್ತಕ್ಕೆ ಐದು ಬಂತು, ಮೂರನೆಯ ವಾರ ಆರು. ಆದರೂ ಇಂಗ್ಲಿಷ್ ಓದುವಾಗ ತುಟಿ ಆಡುವುದು ಮಾತ್ರ ನಿಲ್ಲಲಿಲ್ಲ. ಒಂದೊಂದು ಪದವನ್ನೂ ಕಲ್ಲು ಎತ್ತಿಟ್ಟ ಹಾಗೆ ಎತ್ತಿಟ್ಟು ಓದುತ್ತಿದ್ದ.

ಪರೀಕ್ಷೆಯ ದಿನ ಅವನ ರಜೆ. ಇಡೀ ಬೆಳಗಿನ ಪಾಳಿಗೆ ಮೌನಿ ಒಬ್ಬಳೇ ಇರುವುದು ಅದೇ ಮೊದಲು. ಅದೊಂದು ಯೋಚನೆ ಸಾಲದೆಂಬಂತೆ ಪರೀಕ್ಷೆ ನಡೆಯುವ ಶಾಲೆ ಆಸ್ಪತ್ರೆಯಿಂದ ಎರಡೇ ಬೀದಿ ಆಚೆ, ಅವನ ನಂಬರು ಬಿದ್ದದ್ದು ಮೂರನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದಲ್ಲಿ. ತಲೆಯೆತ್ತಿದರೆ ಬಾಯ್ಲರಿನ ಚಿಮಣಿ. ಮುಂದಿನ ಬೆಂಚಿನಲ್ಲಿ ಒಬ್ಬ ಬಸ್ ಡ್ರೈವರು, ಪಕ್ಕದ ಸಾಲಿನಲ್ಲಿ ಮೊಮ್ಮಕ್ಕಳಿರುವ ವಯಸ್ಸಿನ ಹೆಂಗಸು, ಬಾಗಿಲ ಬಳಿ ಬಡಕಲು ಮೇಲ್ವಿಚಾರಕ. ಗೇಟಿನ ಹೊರಗೆ ಅಕ್ಕ ಕೊಡೆ ಹಿಡಿದು ಕಾವಲು ನಿಂತಿದ್ದಳು.

ಗದ್ಯಭಾಗ ಒಂದು ಊರಿನ ಗಡಿಯಾರ ಗೋಪುರವನ್ನು ನೋಡಿಕೊಳ್ಳುವ ಹೆಂಗಸಿನದು. ಪಾದರಸ ಒಂದೊಂದೇ ಪ್ಯಾರಾ ಸುತ್ತು ಹೊಡೆದ. ಗಡಿಯಾರ ಹಿಂದೆ ಬಿದ್ದರೂ ಅವಳು ಎರಡು ದಿನ ಸರಿಪಡಿಸುವುದಿಲ್ಲ. ಯಾಕೆ ಎಂದು ಪ್ರಶ್ನೆ. ಸರಿಪಡಿಸದೆ ಇದ್ದಾಳೆಯೇ, ಹುಷಾರಿರಲಿಲ್ಲವೇನೋ ಎಂದು ಬರೆಯಲು ಕೈ ತುರಿಸಿತು. ತಡೆದುಕೊಂಡು, ಅಲ್ಲಿದ್ದದ್ದನ್ನೇ ಬರೆದ. ಒಂದು ಕೊಳವೆ, ಎರಡು ಕೊಳವೆ, ನಾಲ್ಕು ಕೊಳವೆ. ಒಂದು ಗಂಟೆ ಅವನು ಎದ್ದಿರಲಿಲ್ಲ. ಅವನಪ್ಪ ಬಂದು ನೋಡಬೇಕಿತ್ತು.

ಐದನೆಯ ಕೊಳವೆ ಬರೆದು ತಲೆಯೆತ್ತಿದಾಗ ಚಿಮಣಿಯಿಂದ ಕಪ್ಪು ಹೊಗೆ ಬರುತ್ತಿತ್ತು.

ಯಾವಾಗ ಎದ್ದನೋ ಅವನಿಗೇ ತಿಳಿಯದು, ಕೈ ಕಿಟಕಿಯ ಸರಳಿನ ಮೇಲಿತ್ತು. ಬೆಂಕಿಗೆ ಗಾಳಿ ಸಾಲುತ್ತಿಲ್ಲ. ಹೀಗೇ ಬಿಟ್ಟರೆ ಬಾಯ್ಲರಿನೊಳಗಿನ ಕೊಳವೆಗಳೆಲ್ಲ ಮಸಿ ಹಿಡಿಯುತ್ತವೆ, ಬೆಂಕಿ ಆರುತ್ತದೆ, ಆರಿದ ಬೆಂಕಿಯನ್ನು ತಿಳಿಯದವರು ಗಡಿಬಿಡಿಯಲ್ಲಿ ಮತ್ತೆ ಹೊತ್ತಿಸಿದರೆ ಬಾಯ್ಲರ್ ಸಿಡಿದು ಮುಗಿಯಿತು. ಮೌನಿ ಹೆದರಿರುತ್ತಾಳೆ. ಓಡಿ ಹೋಗಿರುತ್ತಾಳೆ. ಕೈ ಸುಟ್ಟುಕೊಂಡಿರುತ್ತಾಳೆ. ಆಪರೇಷನ್ ನಡೆಯುತ್ತಿರುತ್ತದೆ.

"ಏನ್ರೀ ಅದು? ಕೂತ್ಕೊಳ್ರೀ!" ಮೇಲ್ವಿಚಾರಕ ಬಂದ. "ಹೊರಗೆ ಹೋಗೋದಾದ್ರೆ ಪೇಪರ್ ಕೊಟ್ಟು ಹೋಗಿ. ವಾಪಸ್ ಬಿಡಲ್ಲ."

"ಒಂದ್ನಿಮಿಷ ಸಾರ್. ಹೋಗಲ್ಲ. ಇಲ್ಲೇ ನಿಂತ್ಕೋತೀನಿ."

ಕಾಲುಗಳು ಬಾಗಿಲ ಕಡೆ ಎಳೆಯುತ್ತಿದ್ದವು. ಎರಡು ಬೀದಿ, ಆರು ನಿಮಿಷ. ಆರು ವರ್ಷವನ್ನು ಆ ಮೇಜಿನ ಮೇಲೆ ಬಿಟ್ಟು ಓಡಬೇಕು, ಅಷ್ಟೇ. ಅವನು ಓಡಿಯೇ ಬಿಡುತ್ತಿದ್ದ. ಆದರೆ ಎಂಬತ್ತು ಸಾಯಂಕಾಲ ಕಿವಿಯಲ್ಲಿ ಕೊರೆದ ಅಕ್ಕನ ದನಿ ಬಿಡಲಿಲ್ಲ. ಏನು ಕಾಣುತ್ತಿದೆಯೋ ಅದನ್ನು ಓದು. ಅವನು ಸರಳು ಹಿಡಿದು ಓದಿದ. ಕಪ್ಪು ಹೊಗೆ ಇದೆ. ನೀರು ಕಡಿಮೆಯಾದರೆ ಕೂಗುವ ಸೈರನ್ ಇಲ್ಲ, ಅಂದರೆ ನೀರು ಇದೆ. ಮೇಲಿನ ವಾಲ್ವಿನಿಂದ ಬಿಳಿ ಹಬೆ ಚಿಮ್ಮುತ್ತಿಲ್ಲ, ಅಂದರೆ ಒತ್ತಡ ಏರಿಲ್ಲ. ಅಂಗಳದಲ್ಲಿ ಯಾರೂ ಓಡುತ್ತಿಲ್ಲ. ಅಷ್ಟೇ ಇರುವುದು. ಮೌನಿ ಹೆದರಿದ್ದು, ಓಡಿದ್ದು, ಸುಟ್ಟುಕೊಂಡದ್ದು ಎಲ್ಲ ಅವನ ತಲೆಯಲ್ಲಿ ಹುಟ್ಟಿದ್ದು. ಅವನು ಕಾದ. ಕಾಯುವುದು ಅವನಿಗೆ ಓಡುವುದಕ್ಕಿಂತ ಹತ್ತು ಪಾಲು ಕಷ್ಟವಾಯಿತು. ಹೊಗೆ ಕಪ್ಪಾಗಿಯೇ ಇತ್ತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಕಂಡೂ ಕಾಣದಷ್ಟು ತೆಳುವಾಯಿತು. ಯಾರೋ ಬೆಂಕಿಗೆ ಗಾಳಿ ಬಿಡುವ ಬಾಗಿಲು ತೆರೆದಿದ್ದರು. ಅಲ್ಲಿದ್ದವಳು ಮೌನಿ ಒಬ್ಬಳೇ.

ಹೊರಳಿ ಬಂದು ಕೂತಾಗ ಹನ್ನೊಂದು ನಿಮಿಷ ಹೋಗಿತ್ತು. ಆ ಮೇಲೆ ಮನಸ್ಸು ಹತೋಟಿಗೆ ಬರಲು ಮತ್ತಷ್ಟು ಹೊತ್ತು. ಹತ್ತು ಅಂಕದ ಕೊನೆಯ ಪ್ರಶ್ನೆ ಬರೆಯದೇ ಉಳಿಯಿತು, ಗಂಟೆ ಹೊಡೆಯಿತು.

ಫಲಿತಾಂಶದ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಸುಮ್ಮನೆ ಕಾಯಿಸುವುದು ನನಗಾಗದು. ಪಾಸಾಗಲು ಮೂವತ್ತೈದು ಬೇಕಿತ್ತು, ಅವನಿಗೆ ಮೂವತ್ತೇಳು ಬಂತು. ಆದರೆ ಅದು ಬಂದದ್ದು ಎರಡು ತಿಂಗಳಾದ ಮೇಲೆ. ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಅವನು ಗೇಟಿನಲ್ಲಿ ಅಕ್ಕನನ್ನೂ ನೋಡದೆ ನೇರವಾಗಿ ಶೆಡ್ಡಿಗೆ ಓಡಿದ. ಮೌನಿ ಕೆನ್ನೆಗೆ ಮಸಿ ಮೆತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ಹೊಗೆ ಕಾಣ್ತಾ?" ಎಂದಳು.

"ಕಾಣ್ತು."

"ಬರ್ಲಿಲ್ಲ."

"ಬರ್ಲಿಲ್ಲ ಕಣಮ್ಮ."

ಅವಳು ಸ್ವಲ್ಪ ನಕ್ಕಳು. "ಬರ್ದಿದೀನಿ" ಎಂದು ಲಾಗ್ ಬುಕ್ ಕಡೆ ಗದ್ದ ಚಾಚಿದಳು. ಪಾದರಸ ಕುರ್ಚಿ ಎಳೆದುಕೊಂಡು ಕೂತು ಪುಸ್ತಕವನ್ನು ಹತ್ತಿರಕ್ಕೆ ತೆಗೆದುಕೊಂಡ. ಷರಾದ ಕಾಲಮ್ಮಿನಲ್ಲಿ ಅವನು ಸಾಮಾನ್ಯವಾಗಿ ಓಕೆ ಎಂದು ಮಾತ್ರ ಬರೆಯುತ್ತಿದ್ದ. ಮೌನಿ ಕಾಲಮ್ ಸಾಲದೆ ಪುಟದ ಕೆಳಗೆ ಅರ್ಧದವರೆಗೂ ಬರೆದಿದ್ದಳು. ಅವನು ಒಂದೇ ಉಸಿರಿಗೆ ಓದಿ ಮುಗಿಸಿದ.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಬಾಗಿಲಲ್ಲಿ ಪ್ರತ್ಯಕ್ಷವಾದಳು. ಹತ್ತು ಅಂಕ ಬಿಟ್ಟುಬಂದ ಸಂಗತಿ, ಯಾಕೆ ಬಿಟ್ಟದ್ದು ಎಂಬ ಸಂಗತಿ, ಎರಡೂ ಅವನ ಬಾಯಿಂದಲೇ ಹೊರಬಿದ್ದವು. ಅಕ್ಕನ ಕೊಡೆ ನೆಲಕ್ಕೆ ಬಿತ್ತು.

"ಎದ್ದುಬಿಟ್ಯಾ? ಅಲ್ಲೂ ಎದ್ದೆಯಾ? ಅಪ್ಪ ಹೇಳಿದ್ದು ಸರಿಯಾಗೇ ಇತ್ತು, ನಿನಗೆ ಕೂತ ಕಡೆ..."

ಮಾತು ಅರ್ಧಕ್ಕೇ ನಿಂತಿತು. ತಮ್ಮನ ಮುಖ ನೋಡಿದ್ದಳು. ಆ ಮಾತಿನಿಂದ ತನಗೆ ಓದು ಸಿಕ್ಕಿತು, ಇವನಿಗೆ ತಪ್ಪಿತು ಎಂಬುದನ್ನು ಇಷ್ಟು ವರ್ಷ ಅವಳು ಒಂದು ದಿನವೂ ಮರೆತವಳಲ್ಲ. ಅದೇ ಮಾತು ತನ್ನ ಬಾಯಲ್ಲೇ ಬಂತಲ್ಲ ಎಂದು ಅವಳಿಗೆ ಅಳು ಬರುವಂತಾಯಿತು. ಮಾತು ಮರೆಸಲು ಅವಳಿಗೆ ಗೊತ್ತಿದ್ದದ್ದು ಒಂದೇ, ಪ್ರಶ್ನೆ ಕೇಳುವುದು.

"ಹೋಗ್ಲಿ ಬಿಡು. ಇಲ್ಲಿ ಏನಾಗಿತ್ತು?"

"ಗಾಳಿ ಬಾಗಿಲು ಸಿಕ್ಕಾಕ್ಕೊಂಡಿತ್ತು."

"ಯಾಕೆ?"

"ಅದರ ಸರಳಿನ ಮೊಳೆ ಸವೆದು ಜಾರಿತ್ತು. ಇವಳು ಮೊದಲು ಬೆಂಕಿಗೆ ಹೋಗೋ ಎಣ್ಣೆ ಕಡಿಮೆ ಮಾಡಿದಾಳೆ, ಬೆಂಕಿ ಆರಿಸಿಲ್ಲ. ಆಮೇಲೆ ಇಕ್ಕಳದಲ್ಲಿ ಸರಳು ಎಳೆದು ಬಾಗಿಲು ತೆಗೆದಿದಾಳೆ. ಎರಡು ಸಲ ಜಾರಿದೆ, ಮೂರನೇ ಸಲ ಬಂದಿದೆ."

"ಹೆದರಿದ್ಲಾ?"

"ಅದನ್ನ ಬರ್ದಿಲ್ಲ."

ಅಕ್ಕ ಅವನನ್ನೇ ದಿಟ್ಟಿಸಿದಳು. ನಿಧಾನವಾಗಿ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ ಪುಟವನ್ನು ಮೇಲಿನಿಂದ ಕೆಳಗೆ ಓದಿದಳು.

"ಇದನ್ನ ನೀನೇ ಓದಿದ್ಯಾ?"

"ಮತ್ತೆ? ಆ ಮೌನಿ ಬಾಯ್ಬಿಟ್ಟು ಹೇಳ್ತಾಳಾ?"

"ಎಷ್ಟು ಹೊತ್ತು ಹಿಡೀತು?"

"ಹೊತ್ತೇನು ಬಂತು, ಒಂದ್ಸಲ ಕಣ್ಣಾಡಿಸಿದೆ."

"ಇನ್ನೊಂದ್ಸಲ ಆಡ್ಸು" ಎಂದಳು ಅಕ್ಕ. "ಯಾವ ಭಾಷೇಲಿದೆ ನೋಡು."

ಪಾದರಸ ನೋಡಿದ. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರಿಗೆ ಅರ್ಥವಾಗಲೆಂದು ಲಾಗ್ ಬುಕ್ ಇಂಗ್ಲಿಷಿನಲ್ಲೇ ಇರಬೇಕೆಂದು ನಿಯಮವಿತ್ತು. ಅದನ್ನು ಮೌನಿಗೆ ಹೇಳಿಕೊಟ್ಟವನು ಅವನೇ. ಪುಟದ ತುಂಬ ಇಂಗ್ಲಿಷಿತ್ತು. ಹನ್ನೆರಡು ಸಾಲು. ತುಟಿ ಆಡಿಸಿರಲಿಲ್ಲ, ಕಲ್ಲು ಎತ್ತಿಟ್ಟಿರಲಿಲ್ಲ.

"ಅಪ್ಪ ಹೇಳಿದ್ದು ತಪ್ಪು ಕಣೋ" ಎಂದಳು ಅಕ್ಕ. "ನಾನೂ ಆಗ ಹೇಳ್ಬೇಕಿತ್ತು. ಹೇಳಲಿಲ್ಲ."

ಅವನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದ್ದ. ಮೇಜಿನ ಮೇಲಿನ ಗಡಿಯಾರ ಟ್ರಿಣ್ ಎಂದಿತು. ಮೌನಿ ಅವನು ಏಳುತ್ತಾನೆಂದು ಒಂದು ಕ್ಷಣ ಕಾದಳು. ಅವನು ಏಳಲಿಲ್ಲ. ಅವಳೇ ಎದ್ದು ಹೋಗಿ ನೀರಿನ ಮಟ್ಟ ನೋಡಿ ಬಂದಳು.